ಪಿನೆರೊಲೊ: ಕುದುರೆ ಜಿಗಿತದ ಪಾಠ ಬದಲಾದ ಊರು

ಇಟಲಿಯ ಟ್ಯೂರಿನ್ ನಗರದ ನೈಋತ್ಯಕ್ಕೆ, ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿರುವ ಪಿನೆರೊಲೊ ಪಟ್ಟಣದಲ್ಲಿ 1849ರಿಂದ ಎರಡನೆಯ ಮಹಾಯುದ್ಧದ ಕಾಲದವರೆಗೆ ಸೇನೆಯ ಅಶ್ವದಳ ಶಾಲೆ ನಡೆಯಿತು. ಶಾಲೆ ಮುಚ್ಚಿ ದಶಕಗಳೇ ಕಳೆದು, ಅದರ ನೆನಪನ್ನು ಈಗ ಊರಿನ ಅಶ್ವದಳ ವಸ್ತುಸಂಗ್ರಹಾಲಯ ಉಳಿಸಿಕೊಂಡಿದೆಯಾದರೂ, ಅಲ್ಲಿ ರೂಪುಗೊಂಡ ಪಾಠ ಮಾತ್ರ ಜಗತ್ತಿನ ಸವಾರಿ ಶಾಲೆಗಳಲ್ಲಿ ಇಂದಿಗೂ ದಿನನಿತ್ಯ ನಡೆಯುತ್ತಿದೆ.

19ನೆಯ ಶತಮಾನದ ಯೂರೋಪಿನ ಸವಾರರು ತಡೆಯನ್ನು ದಾಟುವಾಗ ಕಾಲುಗಳನ್ನು ಮುಂದಕ್ಕೆ ಚಾಚಿ, ಬೆನ್ನನ್ನು ಹಿಂದಕ್ಕೆ ವಾಲಿಸಿ, ಲಗಾಮನ್ನು ಜಗ್ಗಿ ಹಿಡಿಯುತ್ತಿದ್ದರು. ನೆಲಕ್ಕಿಳಿಯುವ ಕುದುರೆಯ ಮುಂಗಾಲುಗಳಿಗೆ ಇದರಿಂದ ಭಾರ ಕಡಿಮೆಯಾಗುತ್ತದೆಂದು ನಂಬಿದ್ದರು. 1868ರಲ್ಲಿ ಲಿವೊರ್ನೊದಲ್ಲಿ ಹುಟ್ಟಿ, ಮುಂದೆ ಪಿನೆರೊಲೊದಲ್ಲಿ ಶಿಕ್ಷಕನಾದ ಸೇನಾಧಿಕಾರಿ ಫೆದೆರಿಕೊ ಕಾಪ್ರಿಲ್ಲಿ, ಸವಾರನಿಲ್ಲದ ಕುದುರೆಗಳು ತಾವಾಗಿಯೇ ಜಿಗಿಯುವ ಬಗೆಯನ್ನು ಗಮನಿಸಿ, ಸವಾರ ಹಿಂದಕ್ಕೆ ವಾಲಿದರೂ ಕುದುರೆ ಇಳಿಯುವುದು ಮುಂಗಾಲುಗಳ ಮೇಲೆಯೇ, ಕಡಿವಾಣದ ಎಳೆತದಿಂದ ಅದರ ಬಾಯಿಗೆ ನೋವಾಗುವುದಷ್ಟೇ ಲಾಭ ಎಂಬುದನ್ನು ಕಂಡುಕೊಂಡನು. ತಡೆಯ ಮುಂದೆ ನಿಂತುಬಿಡುವ ಕುದುರೆಯನ್ನು ಹಠಮಾರಿ ಎಂದು ದೂರುವುದು ಹಾಗಾಗಿ ಅನ್ಯಾಯ. ಅದು ಹೆದರುತ್ತಿದ್ದುದು ತಡೆಗಲ್ಲ, ಸವಾರನ ಕೈಗೆ.

ಕಾಪ್ರಿಲ್ಲಿ ಕಲಿಸಿದ ಮುಂಬಾಗಿದ ಆಸನದಲ್ಲಿ (ಆಸನವೆಂದರೆ ಸವಾರ ಕೂರುವ ಭಂಗಿ) ಪಾದವನ್ನು ಇರಿಸುವ ರಿಕಾಪಿನ ಪಟ್ಟಿ ಗಿಡ್ಡವಾಗಿರುತ್ತದೆ, ಹಿಮ್ಮಡಿ ಕೆಳಗಿಳಿದಿರುತ್ತದೆ, ಪೃಷ್ಠವು ಜೀನಿನಿಂದ ತುಸು ಮೇಲೆದ್ದು ಮೈಭಾರವೆಲ್ಲ ತೊಡೆ ಮತ್ತು ಮೊಣಕಾಲುಗಳ ಮೂಲಕ ಹಿಮ್ಮಡಿಗೆ ಇಳಿಯುತ್ತದೆ. ಹೀಗಾದಾಗ ಕುದುರೆಯ ಬೆನ್ನು ಕಮಾನಿನಂತೆ ಬಾಗಲು ಎಡೆ ಸಿಗುತ್ತದೆ. ತಡೆಯ ಮೇಲೆ ಅದು ಕತ್ತನ್ನು ಮುಂದಕ್ಕೆ ಚಾಚಿದಂತೆಲ್ಲ ಸವಾರನ ಕೈಗಳೂ ಕತ್ತಿನ ಬದಿಯಲ್ಲೇ ಮುಂದೆ ಸಾಗಿ, ಲಗಾಮು ಸಡಿಲವೂ ಆಗದೆ ಬಿಗಿಯೂ ಆಗದೆ ಉಳಿಯುತ್ತದೆ. ಕೈಗಳು ಹೀಗೆ ಸ್ವತಂತ್ರವಾಗಬೇಕಾದರೆ ಸಮತೋಲವು ಕಾಲುಗಳಲ್ಲಿ ನೆಲೆಗೊಂಡಿರಬೇಕು. ಸಮತೋಲ ತಪ್ಪಿದವನು ಹಿಡಿದುಕೊಳ್ಳುವುದು ಲಗಾಮನ್ನೇ ಆದ್ದರಿಂದ, ನಿಯಂತ್ರಣದ ಪ್ರಶ್ನೆಯೂ ಕೊನೆಗೆ ಹಿಮ್ಮಡಿಗೇ ಬಂದು ನಿಲ್ಲುತ್ತದೆ. ರೋಮ್ ಬಳಿಯ ತೋರ್ ದಿ ಕ್ವಿಂತೊದಲ್ಲಿದ್ದ ಪಿನೆರೊಲೊ ಶಾಲೆಯ ಪೂರಕ ಶಾಲೆಯಲ್ಲಿ, ಕಡಿದಾದ ಇಳಿಜಾರಿನಲ್ಲಿ ಕುದುರೆಯೊಡನೆ ಕೆಳಗಿಳಿಯುವ ಅಭ್ಯಾಸವು ಈ ಸಮತೋಲವನ್ನೇ ಪರೀಕ್ಷಿಸುತ್ತಿತ್ತು.

ಕಾಪ್ರಿಲ್ಲಿ ಬರೆದಿಟ್ಟದ್ದು ಅತ್ಯಲ್ಪ; 1907ರಲ್ಲಿ ಟ್ಯೂರಿನ್‌ನಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ ಮೇಲೆ, ಅವನ ವಿಧಾನವನ್ನು ದೇಶದೇಶಗಳಿಗೆ ಒಯ್ದವರು ಪಿನೆರೊಲೊಗೆ ಬಂದು ಕಲಿತುಹೋದ ಅಧಿಕಾರಿಗಳು. ಅವರಲ್ಲೊಬ್ಬನಾದ ರಷ್ಯಾದ ಪಾಲ್ ರೊಡ್ಜಿಯಾಂಕೊ ಮುಂದೆ ಐರ್ಲೆಂಡಿನ ಸೇನಾ ಸವಾರರಿಗೆ ತರಬೇತಿ ನೀಡಿದನು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಬೆಂಗಳೂರಿನ ಫವಾದ್ ಮಿರ್ಜಾ ತಡೆ ದಾಟುವ ಭಂಗಿಯ ಮೂಲವೂ ಕಾಪ್ರಿಲ್ಲಿಯ ಈ ವಿಧಾನವೇ.

ಇಂದಿನ ತರಗತಿಗಳಲ್ಲಿ ನೆಲಮಟ್ಟದ ದೂಲಗಳ ಸಾಲನ್ನು ದಾಟಿಸುವಾಗ ಲಗಾಮನ್ನು ಗಂಟುಹಾಕಿ ಕುದುರೆಯ ಕತ್ತಿನ ಮೇಲೆ ಬಿಡಿಸಿ, ಕಲಿಯುವವರ ಎರಡೂ ತೋಳುಗಳನ್ನು ಅಗಲವಾಗಿ ಚಾಚಿಸುವ ಅಭ್ಯಾಸವಿದೆ. ಅಷ್ಟು ಧೈರ್ಯ ಬರುವವರೆಗೆ ಅವರಿಗೆ ಕುದುರೆಯ ಜೂಲನ್ನು ಹಿಡಿಯಲು ಹೇಳಲಾಗುತ್ತದೆ, ಏಕೆಂದರೆ ಜೂಲನ್ನು ಎಷ್ಟೇ ಜಗ್ಗಿದರೂ ಆ ಎಳೆತ ಕುದುರೆಯ ಬಾಯಿಯನ್ನು ಮುಟ್ಟುವುದಿಲ್ಲ.