ಕಸದ ಬಸಿನೀರು ಮತ್ತು ಊರ ಕೊಳಚೆ: ಜೈವಿಕ ಶುದ್ಧೀಕರಣದ ಒಂದು ವಿಚಾರ

ನಗರದ ಕಸವನ್ನು ಹೂಳಿದ ನೆಲದಲ್ಲಿ ಮಳೆಯ ನೀರು ಕಸದ ಪದರಗಳೊಳಕ್ಕೆ ಇಳಿದು, ಕೊಳೆತ ಪದಾರ್ಥಗಳ ಸಾರವನ್ನು ಕರಗಿಸಿಕೊಂಡು, ಕಪ್ಪಾಗಿ ತಳದಲ್ಲಿ ಒಸರುವುದು. ಇದನ್ನು ಬಸಿನೀರೆಂದು ಕರೆಯಬಹುದು. ಈ ನೀರನ್ನು ಮನೆಗಳ ಕೊಳಚೆಯೊಡನೆ ಬೆರೆಸಿ ಒಂದೇ ಶುದ್ಧೀಕರಣಾಗಾರಕ್ಕೆ ಹರಿಯಿಸುವ ಪದ್ಧತಿಯು ಹಲವು ದೇಶಗಳಲ್ಲಿ ಉಂಟು. ಇದರಿಂದ ಬಸಿನೀರು ಶುದ್ಧವಾಗುವುದೋ, ಬರಿದೆ ತೆಳುವಾಗುವುದೋ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಇಂತಹ ಆಗಾರಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು ಸಚೇತನ ಗಸಿಯ ವಿಧಾನ. ಇದನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಪ್ರಕಟಪಡಿಸಿದರು. ಅವರಿಗೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಕೊಳಚೆಯೊಳಕ್ಕೆ ಗಾಳಿಯನ್ನು ಊದಿದರೆ ಸೂಕ್ಷ್ಮಜೀವಿಗಳು ಕಲ್ಮಷವನ್ನು ಉಂಡು ಬೆಳೆಯುವುವು. ಅವುಗಳ ಸಮೂಹವಾದ ಗಸಿಯು ತಳಕ್ಕೆ ಕೂತ ಮೇಲೆ ಅದರ ಬಹುಭಾಗವನ್ನು ಮತ್ತೆ ಹೊಸ ಕೊಳಚೆಗೆ ಸೇರಿಸುವರು. ಇದೇ ಈ ವಿಧಾನದ ತಿರುಳು.

ಈ ಜೀವಿಗಳಿಗೂ ಸಮತೂಕದ ಆಹಾರವು ಬೇಕು. ಅವು ಆಮ್ಲಜನಕದಿಂದ ಅರಗಿಸಬಲ್ಲ ಕಲ್ಮಷದ 100 ಪಾಲಿಗೆ ಸಾರಜನಕ 5 ಪಾಲು, ರಂಜಕ 1 ಪಾಲು ಎಂಬುದು ರೂಢಿಯ ಲೆಕ್ಕ. ಬಸಿನೀರಿನಲ್ಲಿ ರಂಜಕವು ಅತ್ಯಲ್ಪ. ಮನೆಗಳ ಕೊಳಚೆಯು ಆ ಕೊರತೆಯನ್ನು ತುಂಬುವುದು. ಬೆರಕೆಗೆ ಇರುವ ನಿಜವಾದ ಸಮರ್ಥನೆ ಇದು.

ಆದರೆ ಬಸಿನೀರೆಲ್ಲವೂ ಒಂದೇ ಬಗೆಯದಲ್ಲ. ಹೊಸ ಕಸದಿಂದ ಬಂದುದರಲ್ಲಿ ಸುಲಭವಾಗಿ ಜೀರ್ಣವಾಗುವ ಆಮ್ಲಗಳು ಹೆಚ್ಚು. ಅದು ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಆಹಾರ. ಹಳೆಯ ಕಸದಿಂದ ಬಂದುದರಲ್ಲಿ ಅಮೋನಿಯವೂ, ಜೀವಿಗಳಿಗೆ ಅರಗದ ಕಂದುಬಣ್ಣದ ಪದಾರ್ಥಗಳೂ ಉಳಿದಿರುವುವು. ಅಮೋನಿಯರೂಪದ ಸಾರಜನಕದ 1 ಪಾಲನ್ನು ನೈಟ್ರೇಟಾಗಿ ಮಾರ್ಪಡಿಸಲು ಸುಮಾರು 4.6 ಪಾಲು ಆಮ್ಲಜನಕವು ಬೇಕು. ಆ ಕಾರ್ಯವನ್ನು ಮಾಡುವ ಜೀವಿಗಳಾದರೋ ನಿಧಾನವಾಗಿ ಬೆಳೆಯತಕ್ಕವು. ಗಸಿಯನ್ನು ಬಹುದಿನ ಉಳಿಸಿಕೊಳ್ಳದಿದ್ದರೆ ಅವು ಕೊಚ್ಚಿಹೋಗುವುವು.

ಅರಗದ ಪದಾರ್ಥಗಳ ವಿಷಯದಲ್ಲಿಯೇ ಭ್ರಮೆಗೆ ಹೆಚ್ಚು ಅವಕಾಶ. ಲೀಟರಿಗೆ 2,000 ಮಿಲಿಗ್ರಾಂ ಇಂತಹ ಪದಾರ್ಥವಿರುವ 5 ಲೀಟರು ಬಸಿನೀರನ್ನು 95 ಲೀಟರು ಕೊಳಚೆಗೆ ಸೇರಿಸಿತೆಂದು ಭಾವಿಸಿದರೆ, ಬೆರಕೆಯಲ್ಲಿ ಬಸಿನೀರಿನಿಂದ ಬಂದ ಪಾಲು ಲೀಟರಿಗೆ 100 ಮಿಲಿಗ್ರಾಂ ಮಾತ್ರ ಕಾಣುವುದು. ಇಪ್ಪತ್ತರಲ್ಲಿ ಒಂದಂಶಕ್ಕೆ ಇಳಿದಂತೆ ತೋರಿದರೂ ಒಟ್ಟು ತೂಕವು ಮೊದಲಿನ 10,000 ಮಿಲಿಗ್ರಾಂ ಆಗಿಯೇ ಇದೆ. ಅದರಲ್ಲಿ ಗಸಿಗೆ ಅಂಟಿದುದನ್ನು ಬಿಟ್ಟು ಉಳಿದುದೆಲ್ಲವೂ ಹೊಳೆಯನ್ನು ಸೇರುವುದು. ಭಾರಲೋಹಗಳು ಹೆಚ್ಚಾಗಿ ಗಸಿಯಲ್ಲಿ ನಿಲ್ಲುವುದರಿಂದ, ಆ ಗಸಿಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುವ ಮುನ್ನ ಪರೀಕ್ಷಿಸಬೇಕಾಗುವುದು.

ಆದಕಾರಣ, ಬೆರಕೆಯು ಸರ್ವಥಾ ತ್ಯಾಜ್ಯವೂ ಅಲ್ಲ, ನಿರ್ವಿಚಾರವಾಗಿ ಗ್ರಾಹ್ಯವೂ ಅಲ್ಲ. ಬಸಿನೀರಿನ ವಯಸ್ಸನ್ನು ಅರಿತು, ಅದರ ಪಾಲನ್ನು ಮಿತವಾಗಿರಿಸಿ, ಒಳಬಂದ ಕಲ್ಮಷದ ತೂಕವನ್ನು ಹೊರಹೋದ ನೀರು ಮತ್ತು ಗಸಿಗಳೊಳಗಿನ ತೂಕದೊಡನೆ ತಾಳೆನೋಡಿದಲ್ಲಿ ಮಾತ್ರ ಶುದ್ಧಿಯೆಂಬ ಮಾತು ಸಾರ್ಥಕವಾಗುವುದು.