ದೀಕ್ಷಾಸ್ನಾನ: ಒಮ್ಮೆ ಮಾತ್ರ ಏಕೆ?

ಜರ್ಮನಿಗೆ ಬಂದ ಎರಡನೆಯ ವರ್ಷ, ನಾನು ಭಾನುವಾರಗಳಂದು ಹೋಗುತ್ತಿದ್ದ ಸಣ್ಣ ಸಭೆಯೊಂದರ ಹಿರಿಯರು ನನ್ನನ್ನು ಕರೆದು, ಸದಸ್ಯರಾಗಬೇಕಾದರೆ ನೀವು ಇನ್ನೊಮ್ಮೆ ದೀಕ್ಷಾಸ್ನಾನ ಪಡೆಯಬೇಕು ಎಂದರು. ಶೈಶವದಲ್ಲಿ ಮಂಗಳೂರಿನಲ್ಲಿ ನನ್ನ ತಲೆಯ ಮೇಲೆ ಬಿದ್ದ ನೀರು ಅವರ ಲೆಕ್ಕಕ್ಕೆ ಬರಲಿಲ್ಲ. ಆಗ ನನಗೆ ನಂಬಿಕೆ ಎಂಬುದೇ ಇರಲಿಲ್ಲವಲ್ಲ! ಮಾತು ಸೌಮ್ಯವಾಗಿಯೇ ಇತ್ತು. ಆದರೂ ಅಂದು ನನ್ನನ್ನು ಎತ್ತಿಕೊಂಡು ನಿಂತಿದ್ದ ತಾಯಿಯನ್ನು ಯಾರೋ ಚಿತ್ರದಿಂದ ಅಳಿಸಿದಂತಾಯಿತು. ಉತ್ತರ ಕೊಡುವ ಮೊದಲು ಈ ವಿಧಿಯ ಅರ್ಥವನ್ನು ನಾನೇ ತಿಳಿಯಬೇಕಾಯಿತು.

ಕ್ರೈಸ್ತರಲ್ಲದ ಮಿತ್ರರು ಇದನ್ನು ನಾಮಕರಣವೆಂದು ಭಾವಿಸುವುದುಂಟು. ಕಾರಣವಿಲ್ಲದಿಲ್ಲ. 1483ರ ನವೆಂಬರ್ 10ರಂದು ಐಸ್ಲೆಬೆನ್ ಪಟ್ಟಣದಲ್ಲಿ ಹುಟ್ಟಿದ ಲೂಥರನಿಗೆ ಮರುದಿನವೇ ದೀಕ್ಷಾಸ್ನಾನವಾಯಿತು; ಅಂದು ಸಂತ ಮಾರ್ಟಿನನ ಹಬ್ಬವಾದುದರಿಂದ ಮಗು ಮಾರ್ಟಿನ್ ಆಯಿತು. ಆದರೆ ಹೆಸರು ವಿಧಿಯ ಜೊತೆಗೆ ಬರುವ ಸಂಗತಿ, ತಿರುಳಲ್ಲ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರು ಎರೆಯುವುದು ಅಥವಾ ನೀರಿನಲ್ಲಿ ಮುಳುಗಿಸುವುದು, ಇಷ್ಟೇ ಅದರ ಕ್ರಿಯೆ.

ಕನ್ನಡದ ಪದದಲ್ಲಿ ಸ್ನಾನವಿರುವುದರಿಂದ ಕೊಳೆ ತೊಳೆಯುವ ಚಿತ್ರವೇ ಮೊದಲು ಮನಸ್ಸಿಗೆ ಬರುತ್ತದೆ. ಪಾಪ ತೊಳೆದುಹೋಗುವ ಅರ್ಥ ಅದರಲ್ಲಿ ನಿಜವಾಗಿಯೂ ಇದೆ. ಆದರೆ ಮೂಲ ಗ್ರೀಕ್ ಪದಕ್ಕೆ ಮುಳುಗಿಸು ಎಂದು ಅರ್ಥ. ಜರ್ಮನ್ನರ 'ತೌಫೆನ್' ಪದವೂ ಆಳ ಎಂಬರ್ಥದ 'ತೀಫ್' ಪದವೂ ಒಂದೇ ಬೇರಿನವು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಈ ಆಳವನ್ನೇ ಹಿಡಿಯುತ್ತಾನೆ: ನೀರಿಗಿಳಿಯುವವನು ಕ್ರಿಸ್ತನೊಡನೆ ಹೂಳಲ್ಪಡುತ್ತಾನೆ, ಆತನು ಸಾವಿನಿಂದ ಎದ್ದಂತೆ ತಾನೂ ಹೊಸ ಜೀವಕ್ಕೆ ಏಳುತ್ತಾನೆ. ಹಾಗಾದರೆ ಆ ನೀರು ಸಮಾಧಿಯೂ ಹೌದು, ಗರ್ಭವೂ ಹೌದು. ತೀರ್ಥಸ್ನಾನಕ್ಕೆ ವರ್ಷವರ್ಷವೂ ಹೋಗಬಹುದು. ಹುಟ್ಟು ಸಾವುಗಳನ್ನು ಮತ್ತೆ ಮತ್ತೆ ಮಾಡಲಾಗದು. ಆದುದರಿಂದಲೇ ಇದು ಒಂದೇ ಸಲ.

ಒಂದೇ ಸಲ ಎಂಬುದರಲ್ಲಿ ನನ್ನ ಹಿರಿಯರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಶಿಶುವಿಗೆ ಮಾಡಿದ್ದು ಆ ಒಂದರಲ್ಲಿ ಸೇರುವುದಿಲ್ಲ ಎಂಬುದಷ್ಟೇ ಅವರ ವಾದ. ಅದು ಅಗ್ಗದ ವಾದವಲ್ಲ. 1525ರಲ್ಲಿ ಜ್ಯೂರಿಕ್ ನಗರದಲ್ಲಿ ಕೆಲವರು, ತಾವೇ ನಂಬಿ ಕೇಳಿದವರಿಗಷ್ಟೇ ದೀಕ್ಷಾಸ್ನಾನ ಸಲ್ಲುತ್ತದೆಂದು ದೊಡ್ಡವರಿಗೆ ನೀರೆರೆಯತೊಡಗಿದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್ ಎಂಬವನನ್ನು 1527ರ ಜನವರಿ 5ರಂದು ಲಿಮ್ಮತ್ ನದಿಯಲ್ಲಿ ಮುಳುಗಿಸಿಯೇ ಕೊಂದರು. ಕೊಲ್ಲಿಸಿದ ನಗರಸಭೆ ಸುಧಾರಣೆಯ ಪಕ್ಷದ್ದೇ ಆಗಿತ್ತು ಎಂಬುದನ್ನು ಮರೆಯಲಾಗದು.

ಲೂಥರನದು ಬೇರೆ ದಾರಿ. ದೀಕ್ಷಾಸ್ನಾನ ನಿಂತಿರುವುದು ದೇವರ ವಾಗ್ದಾನದ ಮೇಲೆ; ನಂಬಿಕೆ ಅದಕ್ಕೆ ಕೈಯೊಡ್ಡುತ್ತದೆ, ಅದನ್ನು ಸೃಷ್ಟಿಸುವುದಿಲ್ಲ ಎಂಬುದು 1529ರ ಅವನ ದೊಡ್ಡ ಪ್ರಶ್ನೋತ್ತರ ಗ್ರಂಥದ ಆಶಯ. ಏನನ್ನೂ ಸಾಧಿಸಲಾರದ ಶಿಶು ಈ ವರಕ್ಕೆ ಅಯೋಗ್ಯವೆನ್ನುವುದು ಹೇಗೆ? ದೊಡ್ಡದಾದ ಮೇಲೆ ಮಗು ದೃಢೀಕರಣದ ವಿಧಿಯಲ್ಲಿ ತನ್ನ ಬಾಯಿಂದಲೇ ಹೌದೆನ್ನುತ್ತದೆ.

ನನ್ನ ಮನೆತನದಲ್ಲಿ ಎರಡೂ ಬಗೆ ಇವೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ದೀಕ್ಷೆ ಪಡೆದ ನಮ್ಮ ಮುತ್ತಜ್ಜನ ತಂದೆ ಪ್ರೌಢ ವಯಸ್ಕರು. ಆ ನೀರಿಗಾಗಿ ಮನೆ, ಬಂಧುಬಳಗ ಎಲ್ಲವನ್ನೂ ತೆತ್ತರೆಂದು ಅಜ್ಜಿ ಹೇಳುತ್ತಿದ್ದರು. ನಾನು ತೆತ್ತದ್ದು ನಾಲ್ಕು ಹನಿ ಕಣ್ಣೀರು, ಅದೂ ನೀರು ತಣ್ಣಗಿದ್ದುದಕ್ಕೆ.

2007ರ ಏಪ್ರಿಲ್ 29ರಂದು ಮಾಗ್ಡೆಬುರ್ಗ್ ಪ್ರಧಾನಾಲಯದಲ್ಲಿ ಜರ್ಮನಿಯ 11 ಸಭೆಗಳು ಪರಸ್ಪರರ ದೀಕ್ಷಾಸ್ನಾನವನ್ನು ಮಾನ್ಯ ಮಾಡಿ ಸಹಿ ಹಾಕಿದವು. ಕಥೊಲಿಕರು, ಆರ್ಥೊಡಾಕ್ಸರು, ಪ್ರಾಟೆಸ್ಟೆಂಟರು ಅಲ್ಲಿದ್ದರು. ಬ್ಯಾಪ್ಟಿಸ್ಟರು ಸಹಿ ಹಾಕಲಿಲ್ಲ. ತಾವು ನಂಬಿದ್ದನ್ನು ಬಿಟ್ಟುಕೊಡದೆ ಅವರು ಹಾಕುವಂತೆಯೂ ಇರಲಿಲ್ಲ.

ನಾನು ಹಿರಿಯರಿಗೆ ಆಗದು ಎಂದೆ. ಮತ್ತೊಮ್ಮೆ ನೀರಿಗಿಳಿದರೆ ಮೊದಲನೆಯದು ಏನೂ ಅಲ್ಲವೆಂದು ನಾನೇ ಸಾಕ್ಷಿ ಹೇಳಿದಂತೆ ಎಂದು ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಬರುವುದನ್ನು ಮಾತ್ರ ನಿಲ್ಲಿಸಬೇಡಿ ಎಂದರು. ನಿಲ್ಲಿಸಿಲ್ಲ; ಆ ಸಭೆಯ ಪಟ್ಟಿಯಲ್ಲಿ ಇಂದಿಗೂ ನಾನು ಅತಿಥಿ.