ಆರು ಮಿಲಿಮೀಟರ್ ದಾರಿ

ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಅದು ಕರುಳು ಸೇರಲು ಕೊನೆಗೆ ಇರುವುದು ಒಂದೇ ನಾಳ. ಅದರ ಅಗಲ ಸುಮಾರು 6 ಮಿಲಿಮೀಟರ್.

ಪಿತ್ತನಾಳಗಳ ಕ್ಯಾನ್ಸರ್ ಅಮೆರಿಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಈಶಾನ್ಯ ಥಾಯ್ಲೆಂಡಿನ ಖೋನ್ ಕೇನ್‌ನಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಗಂಡಸರಲ್ಲಿ ಈ ಪ್ರಮಾಣ ಲಕ್ಷಕ್ಕೆ 80 ದಾಟಿತ್ತು. ಕಡಿಮೆಯೆಂದರೂ ನಲವತ್ತು ಪಟ್ಟು!

ಕಾರಣ ಊಟದ ತಟ್ಟೆಯಲ್ಲೇ ಇತ್ತು. ಅಲ್ಲಿನ ಮೆಚ್ಚಿನ ತಿನಿಸು ಕೋಯ್ ಪ್ಲಾ: ಕೆರೆ ಹೊಳೆಗಳ ಸಣ್ಣ ಮೀನನ್ನು ಹಸಿಯಾಗೇ ಕೊಚ್ಚಿ, ನಿಂಬೆರಸ, ಮೆಣಸಿನಪುಡಿ, ಸೊಪ್ಪು ಕಲಸಿದ್ದು. ನಿಂಬೆಯ ಹುಳಿಗೆ ಮೀನಿನ ಬಣ್ಣ ಬಿಳಿಚುತ್ತದೆ, ಬೆಂದಂತೆ ಕಾಣುತ್ತದೆ. ಆದರೆ ಮಾಂಸದೊಳಗಿನ, ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟಿರುವ ಮರಿಹುಳು ಸಾಯುವುದಿಲ್ಲ. ಅದು ಪಿತ್ತನಾಳ ಹೊಕ್ಕು 7 ಮಿ.ಮೀ. ಉದ್ದದ ಚಪ್ಪಟೆ ಹುಳುವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಬದುಕಬಲ್ಲದು. ನಾಳದ ಒಳಪದರ ವರ್ಷಗಟ್ಟಲೆ ಕೆರಳುತ್ತಲೇ ಇರುತ್ತದೆ. ಕ್ಯಾನ್ಸರ್ ತಲೆದೋರಲು ಎರಡು ಮೂರು ದಶಕ ಹಿಡಿಯಬಹುದು. 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಹುಳುವನ್ನು ಖಚಿತ ಕ್ಯಾನ್ಸರ್‌ಕಾರಕ ಎಂದು ಸಾರಿತು.

ಕಾಯಿಲೆ ಕಣ್ಣಿಗೆ ಬೀಳುವುದು ಬಲು ತಡವಾಗಿ. ರಕ್ತದ ಪ್ರತಿ ಡೆಸಿಲೀಟರಿನಲ್ಲಿ 1 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕಾದ ಬಿಲಿರುಬಿನ್ ಎಂಬ ಪಿತ್ತದ ಹಳದಿ ಬಣ್ಣದ ವಸ್ತು 2-3 ದಾಟಿದಾಗ ಕಣ್ಣು ಹಳದಿಯಾಗುತ್ತದೆ. ಅಷ್ಟರಲ್ಲಿ ನಾಳ ಕಟ್ಟಿಕೊಂಡಿರುತ್ತದೆ. ಎಂಡೋಸ್ಕೋಪ್ ಇಳಿಸಿ, ಪುಟ್ಟ ಬ್ರಷ್‌ನಿಂದ ಒಳಗೋಡೆ ಉಜ್ಜಿ ಜೀವಕೋಶ ತೆಗೆದರೂ ಅರ್ಧಕ್ಕಿಂತ ಹೆಚ್ಚು ಸಲ ಕ್ಯಾನ್ಸರ್ ತಪ್ಪಿಸಿಕೊಳ್ಳುತ್ತದೆ. ಗಡ್ಡೆ ನಾರುನಾರಾಗಿ ಗಟ್ಟಿ, ಕೋಶಗಳು ಸುಲಭಕ್ಕೆ ಉದುರುವುದಿಲ್ಲ.

ಶಸ್ತ್ರಚಿಕಿತ್ಸೆಯ ಅಳತೆ ನನ್ನನ್ನು ಇನ್ನೂ ಬೆರಗಾಗಿಸುತ್ತದೆ. ಎರಡು ಮೂರು ಸೆಂಟಿಮೀಟರ್ ಗಡ್ಡೆಗಾಗಿ ಲಿವರಿನ ಮುಕ್ಕಾಲು ಭಾಗದ ಹತ್ತಿರ ಹತ್ತಿರ ಕತ್ತರಿಸಬೇಕಾಗಬಹುದು. ಅದಕ್ಕೆ ಮೊದಲು, ಕತ್ತರಿಸಲಿರುವ ಭಾಗದ ರಕ್ತನಾಳವನ್ನು ಮುಚ್ಚುತ್ತಾರೆ. ಉಳಿಯಲಿರುವ ಭಾಗ ಕೆಲವೇ ವಾರಗಳಲ್ಲಿ ದೊಡ್ಡದಾಗುತ್ತದೆ. ಜಪಾನಿನ ಮಸಾತೋಶಿ ಮಾಕುಉಚಿ 1990ರಲ್ಲಿ 14 ರೋಗಿಗಳ ಅನುಭವ ಪ್ರಕಟಿಸಿ ಈ ದಾರಿ ತೋರಿಸಿದರು.

ಶಸ್ತ್ರಚಿಕಿತ್ಸೆಯ ಹಂತ ಮೀರಿದವರಿಗೆ ಔಷಧವೇ ಗತಿ. ಪಿತ್ತನಾಳ, ಪಿತ್ತಕೋಶಗಳ ಕ್ಯಾನ್ಸರ್ ಇದ್ದ 410 ಜನರ ಮೇಲೆ ನಡೆದ ಬ್ರಿಟನ್ನಿನ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು: ಜೆಮ್‌ಸಿಟಾಬಿನ್ ಜೊತೆ ಸಿಸ್‌ಪ್ಲಾಟಿನ್ ಕೊಟ್ಟಾಗ ಆಯುಸ್ಸು 8.1ರಿಂದ 11.7 ತಿಂಗಳಿಗೆ ಏರಿತು. ಮೂರೂವರೆ ತಿಂಗಳು ಎಂದು ಯಾರೂ ಹಗುರಾಗಿ ನೋಡಬಾರದು. ಮನೆಮಂದಿಗೆ ಅದು ಒಂದು ಹಬ್ಬ, ಒಂದು ಮದುವೆ.

ಖೋನ್ ಕೇನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ನರೋಂಗ್ ಖುಂತಿಕೇವ್ ತಂದೆ ತಾಯಿ ಇಬ್ಬರನ್ನೂ ಇದೇ ಕ್ಯಾನ್ಸರ್‌ಗೆ ಕಳೆದುಕೊಂಡವರು. ಅವರ ತಂಡ ಅಲ್ಟ್ರಾಸೌಂಡ್ ಯಂತ್ರ ಹೊತ್ತು ಹಳ್ಳಿ ಹಳ್ಳಿಗೆ ಹೋಗುತ್ತದೆ, ಮೀನು ಬೇಯಿಸಿ ತಿನ್ನಿ ಎಂದು ಹೇಳುತ್ತದೆ. ದೇಹದೊಳಗಿನ ಹುಳುವಿಗೆ ಪ್ರಾಜಿಕ್ವಾಂಟೆಲ್ ಮಾತ್ರೆ ಇದೆ, ಬಹುಪಾಲು ಒಂದೇ ಡೋಸು ಸಾಕು. ಆದರೆ ಹಸಿ ಮೀನು ಬಾಯಿಗೆ ಹೋದರೆ ಹುಳು ಮತ್ತೆ ಬರುತ್ತದೆ.